ರೆಕ್ಕೆ ಬಾಗುವ ವಿಮಾನ ಮತ್ತು ನನ್ನ ಅಣ್ಣ

ನನ್ನ ಅಣ್ಣನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆಯುತ್ತಿತ್ತು. ಎಷ್ಟು ತೊಳೆದರೂ ಆ ಸೀಳಿನಲ್ಲಿ ಒಂದು ಕಪ್ಪು ಗೆರೆ ಉಳಿಯುತ್ತಿತ್ತು. ಅವನು ಸಾಯುವ ಮೊದಲು ಆ ಕೈ ಹಿಡಿದು ಒಂದು ಮಾತು ಹೇಳಬೇಕಿತ್ತು. ನಾಲ್ಕು ತಿಂಗಳು ಸಮಯವಿತ್ತು. ನಾನು ಹೇಳಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮಲ್ಲೇಶ್ವರಂ ಎಂಟನೇ ಕ್ರಾಸಿನಲ್ಲಿ ತರಕಾರಿ ಮಾರುತ್ತೇನೆ. ಅಣ್ಣ ಸೈನ್ಯದಲ್ಲಿ ಹೆಲಿಕಾಪ್ಟರ್ ಮೆಕ್ಯಾನಿಕ್ ಆಗಿದ್ದವನು. ಮದುವೆಯಾಗಲಿಲ್ಲ, ನಿವೃತ್ತಿಯಾದ ಮೇಲೆ ನನ್ನ ಮನೆಯಲ್ಲೇ ಇದ್ದ.

ಬೀದಿಯವರ ಮಿಕ್ಸಿ, ಫ್ಯಾನುಗಳನ್ನೆಲ್ಲ ಅವನೇ ರಿಪೇರಿ ಮಾಡುತ್ತಿದ್ದ. ಪೇಪರ್ ಹಾಸಿ, ಸಾಮಾನುಗಳನ್ನು ಸಾಲಾಗಿ ಜೋಡಿಸಿ, ಎಣಿಸಿಯೇ ಕೆಲಸ ಶುರು. ಮುಗಿದ ಮೇಲೆ ಮತ್ತೆ ಎಣಿಕೆ. ಒಮ್ಮೆ ಚಿಕ್ಕ ಸ್ಕ್ರೂಡ್ರೈವರ್ ಒಂದು ಕಾಣಲಿಲ್ಲವೆಂದು ಎದುರುಮನೆಯವರ ಮಿಕ್ಸಿಯನ್ನು ಎರಡು ದಿನ ಕೊಡಲೇ ಇಲ್ಲ.

“ಚಟ್ನಿ ರುಬ್ಬೋಕೂ ಇಷ್ಟೊಂದು ಕಾನೂನಾ?” ಎಂದು ಆಕೆ ರೇಗಿದರು.

“ಒಳಗೇ ಉಳಿದುಬಿಟ್ಟಿದ್ರೆ? ಸಾಮಾನು ಲೆಕ್ಕ ಸಿಗದೆ ನಾನು ಮುಚ್ಚಳ ಹಾಕಲ್ಲಮ್ಮ,” ಎಂದ. ಕೊನೆಗೆ ಅದು ನನ್ನ ಹುರುಳಿಕಾಯಿ ಬುಟ್ಟಿಯಲ್ಲಿ ಸಿಕ್ಕಿತು.

ಒಂದು ಬೆಳಿಗ್ಗೆ ಪೇಪರ್ ಹಿಡಿದುಕೊಂಡು ನನ್ನ ಅಂಗಡಿಗೇ ಬಂದ. ಒಂದು ಸೋರೆಕಾಯಿ ಎತ್ತಿಕೊಂಡು, ಅದರ ಎರಡು ಪಕ್ಕಕ್ಕೂ ಎಲೆ ಸಮೇತ ಮೂಲಂಗಿ ಇಟ್ಟ.

“ನೋಡೇ, ಪೇಪರಲ್ಲಿ ಬಂದಿರೋ ಹೊಸ ವಿಮಾನ ಇದು. ಈ ಎಲೆ ಅಂದ್ರೆ ಫ್ಯಾನು, ಮೇಲಕ್ಕಿದ್ರೆ ಹೆಲಿಕಾಪ್ಟರ್ ಥರ ನೆಟ್ಟಗೆ ಏಳುತ್ತೆ. ಏಳ್ತಿದ್ದ ಹಾಗೆ ಎರಡೂ ಫ್ಯಾನು ಹೀಗೆ ಮುಂದಕ್ಕೆ ಬಾಗುತ್ತೆ. ಆಗ ವಿಮಾನ. ಟಿಲ್ಟ್ ರೋಟರ್ ಅಂತಾರೆ. ಹೊರದೇಶದ ಸೈನ್ಯದಲ್ಲಿ ಹಳೇ ಹೆಲಿಕಾಪ್ಟರ್ ತೆಗೆದು ಇದನ್ನ ತರ್ತಿದಾರೆ.”

“ತಾತಾ, ಸಾಂಬಾರು ಒಲೆ ಮೇಲಿಂದ ಹಾರಿಹೋದೀತು,” ಎಂದರು ಗಿರಾಕಿಯೊಬ್ಬರು. ಎಲ್ಲರೂ ನಕ್ಕರು. ನಾನೂ ನಕ್ಕೆ.

“ನಿನ್ನ ಹೆಲಿಕಾಪ್ಟರ್‌ನ ಗುಜರಿಗೆ ಹಾಕ್ತಾರೆ ಅಂತ ಇಷ್ಟು ಖುಷೀನಾ?” ಎಂದು ಕೇಳಿದೆ.

ಅವನು ಮೂಲಂಗಿ ಕೆಳಗಿಟ್ಟ. “ಒಂದ್ಸಲ ಬೆಟ್ಟದಿಂದ ಒಬ್ಬ ಸಿಪಾಯಿನ ಕರ್ಕೊಂಡು ಬರ್ತಿದ್ವಿ. ಗುಂಡೇಟು. ಆಸ್ಪತ್ರೆ ಕಾಣ್ತಿತ್ತು ಕಣೇ, ಅಷ್ಟರಲ್ಲಿ ಹೋದ. ನನ್ನ ಮಿಷಿನ್ ತಪ್ಪೇನಿರಲಿಲ್ಲ. ಅದರ ವೇಗಾನೇ ಅಷ್ಟು. ಇದು ಅದರ ಎರಡರಷ್ಟು ವೇಗ, ಇದರಲ್ಲಾಗಿದ್ರೆ ಉಳೀತಿದ್ದ. ಹಾಗಂತ ಇದೇನು ದೇವರಲ್ಲ. ಇಂಜಿನ್ ನಿಂತ್ರೆ ಹೆಲಿಕಾಪ್ಟರ್ ರೆಕ್ಕೆ ಗಾಳಿಗೇ ತಿರುಗಿ ಮೆತ್ತಗೆ ಇಳಿಸುತ್ತೆ. ಇದು ಅಷ್ಟು ಚೆನ್ನಾಗಿ ಇಳಿಸಲ್ಲ. ರಿಪೇರಿ ಕಲಿಯೋ ಮಕ್ಕಳಿಗೆ ಇದನ್ನೆಲ್ಲ ಯಾರಾದ್ರೂ ಹೇಳಬೇಕು.”

ಗಿರಾಕಿಗಳ ನಡುವೆ ಪಾಲಿಟೆಕ್ನಿಕ್ಕಿನ ಮೇಷ್ಟ್ರೊಬ್ಬರಿದ್ದರು. “ಬುಧವಾರ ನಮ್ಮ ಕ್ಲಾಸಿಗೇ ಬಂದು ಹೇಳಿ ಸಾರ್, ಕಾರು ಕಳಿಸ್ತೀನಿ,” ಎಂದರು. ಅಣ್ಣನ ಬಳಿ ಫೋನಿರಲಿಲ್ಲ. ನನ್ನ ನಂಬರು ಬರೆದುಕೊಂಡರು.

ಆಮೇಲೆ ಅಣ್ಣ ಕಂಡಕಂಡವರಿಗೆಲ್ಲ ಮೂಲಂಗಿ ಬಗ್ಗಿಸಿ ತೋರಿಸತೊಡಗಿದ. ಪಕ್ಕದ ಹೂವಿನವಳು ನನ್ನ ಕಿವಿಯಲ್ಲಿ, “ಅಕ್ಕಾ, ಡಾಕ್ಟರಿಗೆ ತೋರಿಸಿ. ಹಾರೋವಾಗ ಫ್ಯಾನು ಬಗ್ಗುತ್ತಂತೆ, ಕೇಳಿದೀರಾ?” ಎಂದಳು. ನನಗೂ ಹಾಗೇ ಅನಿಸಿತ್ತು. ಕ್ಲಾಸಿನ ತುಂಬ ಮಕ್ಕಳು ಅಣ್ಣನನ್ನು ನೋಡಿ ನಗುವುದು ಕಣ್ಣಮುಂದೆ ಬಂತು. ಅವನ ಮರ್ಯಾದೆ ಉಳಿಸುತ್ತಿದ್ದೇನೆ ಎಂದುಕೊಂಡೆ. ಉಳಿಸಿಕೊಳ್ಳುತ್ತಿದ್ದದ್ದು ನನ್ನದೇ.

ಮಂಗಳವಾರ ಮೇಷ್ಟ್ರ ಫೋನು ಬಂದಾಗ, “ಅವರಿಗೆ ತಲೆ ಸರಿಯಿಲ್ಲ ಸಾರ್, ಕಾರು ಕಳಿಸಬೇಡಿ,” ಎಂದುಬಿಟ್ಟೆ. ಅಣ್ಣನಿಗೆ ತಿಳಿಸಲಿಲ್ಲ.

ಬುಧವಾರ ಅವನು ಬೇಗ ಸ್ನಾನ ಮಾಡಿ, ಕೋಟು ಹಾಕಿಕೊಂಡು, ಎರಡು ಎಳೆ ಮೂಲಂಗಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡು ಬಾಗಿಲ ಬಳಿ ಕುರ್ಚಿಯಲ್ಲಿ ಕೂತ.

“ಕಾರಿನ ಸದ್ದು ಬಂತೇನೇ?”

“ಟ್ರಾಫಿಕ್ ಇರಬೇಕು,” ಎಂದೆ ಅಡಿಗೆಮನೆಯಿಂದ.

ಮಧ್ಯಾಹ್ನದವರೆಗೂ ಕೂತಿದ್ದ. ಆಮೇಲೆ ಒಳಗೆ ಬಂದು ಮೂಲಂಗಿ ಸುತ್ತಿದ್ದ ಬಟ್ಟೆ ಬಿಚ್ಚಿ, “ಬಾಡಿ ಹೋಗುತ್ತೆ, ಹುಳಿಗೆ ಹಾಕಿಬಿಡು,” ಎಂದ. ಹಾಕಿದೆ. ಅದನ್ನೇ ಅನ್ನಕ್ಕೆ ಕಲಸಿಕೊಂಡು ಉಂಡ.

ಸ್ವಲ್ಪ ದಿನ ಕಳೆದ ಮೇಲೆ ಗಿರಾಕಿ ಹುಡುಗಿಯೊಬ್ಬಳು, “ಆಂಟಿ, ತಾತ ಹೇಳ್ತಿದ್ದ ವಿಮಾನ ಇದೇ ಅಲ್ವಾ?” ಎಂದು ಮೊಬೈಲ್ ತೋರಿಸಿದಳು. ದೊಡ್ಡ ಫ್ಯಾನುಗಳೆರಡು ಆಕಾಶ ನೋಡುತ್ತ ವಿಮಾನವನ್ನು ನೆಟ್ಟಗೆ ಎತ್ತಿದವು. ಆಮೇಲೆ ನಿಧಾನವಾಗಿ ಮುಂದಕ್ಕೆ ಬಾಗಿದವು, ಅಣ್ಣನ ಕೈಯಲ್ಲಿ ಬಾಗಿದ ಹಾಗೆಯೇ. ನಾನು ಆಕೆಗೆ ಸೊಪ್ಪು ಕಟ್ಟಿಕೊಡುವುದನ್ನೇ ಮರೆತೆ.

ಅಂಗಡಿ ಮುಚ್ಚಿ ಮನೆಗೆ ಓಡಿದೆ. ಅಣ್ಣ ಯಾರದೋ ಇಸ್ತ್ರಿಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದ. “ಏನೇ, ಇಷ್ಟು ಬೇಗ?” ಎಂದ.

“ಏನಿಲ್ಲ. ಊಟ ಆಯ್ತಾ?” ಎಂದೆ.

ನಾಲ್ಕು ತಿಂಗಳು ಹೀಗೇ, ಬಾಯಿ ತೆರೆದಾಗಲೆಲ್ಲ ಊಟದ ಮಾತೇ ಬಂತು. ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿರುವಾಗಲೇ ಅವನು ಹೋಗಿಬಿಟ್ಟ.

ಹನ್ನೊಂದನೇ ದಿನದ ತಿಥಿಗೆ ಆ ಮೇಷ್ಟ್ರು ಬಂದರು. “ಆಮೇಲೊಂದು ಸಲ ನಿಮ್ಮಣ್ಣ ಪಾರ್ಕಲ್ಲಿ ಸಿಕ್ಕಿದ್ರಮ್ಮ. ಎಷ್ಟು ಚೆನ್ನಾಗಿ ಮಾತಾಡಿದ್ರು. ನೀವು ಫೋನಲ್ಲಿ ಹಾಗಂದ್ರಿ ಅಂತ ಹೇಳಿ, ಮತ್ತೆ ಕರೆದೆ. ‘ಬೇಡ ಸಾರ್, ನಾನೀಗ ಬಂದ್ರೆ ನನ್ನ ತಂಗಿ ಸುಳ್ಳು ಹೇಳಿದ ಹಾಗಾಗುತ್ತೆ’ ಅಂದ್ರು.”

ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ನನ್ನ ಕೈಯಲ್ಲಿ ಉಂಡಿದ್ದ.

ಎಲೆ ಹಾಕಿಯಾಗಿತ್ತು. ಬಂಧುಗಳು, ಬೀದಿಯವರು, ಹೂವಿನವಳು ಎಲ್ಲರೂ ಕೂತಿದ್ದರು. ಬಡಿಸುವುದನ್ನು ಬಿಟ್ಟು ಅಣ್ಣನ ಫೋಟೋದ ಮುಂದೆ ನಿಂತೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

“ನೀನು ಹೇಳಿದ್ದೆಲ್ಲ ನಿಜ ಅಣ್ಣ. ನಿಂಗೆ ತಲೆ ಸರಿಯಿಲ್ಲ ಅಂತ ಫೋನಲ್ಲಿ ಅಂದೋಳು ನಾನೇ. ನಿಜ ಗೊತ್ತಾದ್ಮೇಲೂ ಬಾಯಿ ಮುಚ್ಕೊಂಡಿದ್ದೆ. ತಪ್ಪಾಯ್ತು ಅಣ್ಣ.”