ಎಡಗೈಯ ಗಂಟು

ಬೆಳಗಿನ ಆರು ಗಂಟೆ. ಇಂಗ್ಲೆಂಡಿನ ನಾರ್ವಿಚ್ ಊರಾಚೆಯ ವಿಮಾನ ಕಾರ್ಖಾನೆಯ ಶೆಡ್ಡಿನಲ್ಲಿ ಹೆಟಿ ಥರ್ಟಲ್ ಆಗಲೇ ಯುದ್ಧವಿಮಾನದ ರೆಕ್ಕೆಯ ಮೇಲೆ ಬಾಗಿ ನಿಂತಿದ್ದಾಳೆ. ಮರದ ಪಟ್ಟಿಗಳಿಗೆ ಹೊದಿಸಿದ ನಾರುಬಟ್ಟೆಯನ್ನು ಉದ್ದನೆಯ ಸೂಜಿಯಿಂದ ಬಿಗಿದು ಗಂಟು ಹಾಕುತ್ತಾಳೆ. ನಾಲ್ಕು ಬೆರಳಗಲಕ್ಕೊಂದು ಗಂಟು, ದಿನಕ್ಕೆ ಮುನ್ನೂರು. ಬೆರಳ ತುದಿಗಳು ಒಡೆದು ಗಟ್ಟಿಯಾಗಿವೆ.

ಮಹಾಯುದ್ಧಕ್ಕೆ ಮುಂಚೆ ಯಾರ್ಮತ್ ಬಂದರಿನಲ್ಲಿ ಮೀನುದೋಣಿಗಳಿಗೆ ಹಾಯಿ ಹೊಲಿಯುತ್ತಿದ್ದವಳು ಈಕೆ. "ಹಾಯಿ ಹರಿದ್ರೆ ದೋಣಿ ನಿಲ್ಲುತ್ತೆ, ಅಷ್ಟೇ. ಇದು ಹರಿದ್ರೆ ಮೇಲಿರೋ ಹುಡುಗ ಎಲ್ಲಿ ನಿಲ್ತಾನೆ?" ಎಂದು ಕೇಳುತ್ತಾಳೆ.

ಹೋದ ತಿಂಗಳು ಫ್ರಾನ್ಸ್‌ನ ಆಕಾಶದಲ್ಲಿ ಒಂದು ರೆಕ್ಕೆಯ ಬಟ್ಟೆ ಕಿತ್ತುಬಂತು. ಪೈಲಟ್ ಹೇಗೋ ಇಳಿದು ಬದುಕಿಕೊಂಡ. ಅವನ ಧೈರ್ಯವನ್ನು ಪತ್ರಿಕೆಗಳು ಕೊಂಡಾಡಿದವು, ಕೊಂಡಾಡಲಿ. ಆದರೆ ವಾಪಸು ಬಂದ ರೆಕ್ಕೆಯ ತುಂಡನ್ನು ಮೇಲ್ವಿಚಾರಕ ಕ್ಲಾಕ್ಸ್‌ಟನ್ ಎಲ್ಲರೆದುರು ಹೆಟಿಯ ಮೇಜಿನ ಮೇಲೆ ಎಸೆದ. "ಹೆಂಗಸರ ಕೆಲಸ ಅಂದ್ರೆ ಇಷ್ಟೇ! ಬಾಯಿ ಓಡಿದಷ್ಟು ಕೈ ಓಡಲ್ಲ."

ಹೆಟಿ ತುಂಡನ್ನು ತಿರುಗಿಸಿ ನೋಡಿದಳು. "ನಾನು ಎಡಚಿ ಸ್ವಾಮಿ. ನನ್ನ ಗಂಟು ಎಡಕ್ಕೆ ವಾಲುತ್ತೆ. ಇವು ಬಲಕ್ಕೆ ವಾಲಿವೆ. ಅದಿರ್ಲಿ, ಗಂಟಿಂದ ಗಂಟಿಗೆ ಅಳೀರಿ."

ಅವನು ಅಳೆಯಲಿಲ್ಲ. ಅವಳೇ ಬೆರಳಿಟ್ಟು ಅಳೆದಳು: ಎಂಟು. ಬೇಗ ಬೇಗ ರೆಕ್ಕೆ ಮುಗಿಯಲೆಂದು ಎಂಟು ಬೆರಳಿಗೊಂದು ಗಂಟು ಸಾಕೆಂದವನು ಇದೇ ಮಹಾನುಭಾವ! ಹೆಟಿಯೊಬ್ಬಳೇ ಒಪ್ಪಿರಲಿಲ್ಲ.

"ಹಾಗಾದ್ರೆ ಯಾರ ಗಂಟಿದು? ಹೆಸರು ಹೇಳು" ಎಂದು ಅವನು ಗದರಿದ.

ಪಕ್ಕದ ಮೇಜಿನ ಏಡಾ ಬಲಗೈಯನ್ನು ಮೇಜಿನ ಕೆಳಗೆ ಸರಿಸಿದಳು. ಹೆಟಿಗೆ ಗೊತ್ತಿತ್ತು, ಹೇಳಲಿಲ್ಲ. "ಹೇಳಿದ್ರೆ ಆ ಬಡಪಾಯಿ ಮನೆಗೆ ಹೋಗ್ತಾಳೆ. ಎಂಟು ಅಂದೋನು ಇಲ್ಲೇ ಇರ್ತಾನೆ" ಎನ್ನುತ್ತಾಳೆ ಈಗ.

ತಪ್ಪು ಹೆಟಿಯ ಹೆಸರಿಗೇ ದಾಖಲಾಗಿದೆ. ಇನ್ನೊಂದು ದೂರು ಬಂದರೆ ಅವಳು ಹೊರಗೆ. ಎಂಥ ನ್ಯಾಯವಿದು? ಯಾರದೋ ಅವಸರಕ್ಕೆ ತಲೆಕೊಡಬೇಕಾದವಳು ಸರಿಯಾಗಿ ಹೊಲಿದವಳೇ ಏನು? ಎಂಟು ಬೆರಳಿನ ಅಪ್ಪಣೆ ಇನ್ನೂ ರದ್ದಾಗಿಲ್ಲ. ಹಾಗಾಗಿ ಹೆಟಿ ಕೆಲಸದ ಗಂಟೆ ಬಾರಿಸುವ ಮುನ್ನವೇ ಬಂದು, ಉಳಿದವರ ರೆಕ್ಕೆಗಳಲ್ಲಿ ಎರಡು ಗಂಟುಗಳ ನಡುವೆ ಮತ್ತೊಂದು ಹಾಕುತ್ತಾಳೆ. ಇದೂ ಅಪರಾಧವೇ ಅಂತೆ.

ನಿನಗೇನು ಬೇಕೆಂದು ಕೇಳಿದರೆ ಹೆಟಿ ಹಲ್ಲಿನಿಂದ ದಾರ ಕಡಿಯುತ್ತಾಳೆ.

"ನನಗೇನೂ ಬೇಡ. ಎಂಟು ಬೆರಳಿನ ರೆಕ್ಕೆ ಕಟ್ಟಿ ಕ್ಲಾಕ್ಸ್‌ಟನ್‌ನನ್ನ ಒಂದೇ ಒಂದ್ಸಲ ಮೇಲಕ್ಕೆ ಕಳಿಸ್ರಿ. ಇಳಿದು ಬಂದ್ರೆ, ಗಂಟಿಂದ ಗಂಟಿಗೆ ಎಷ್ಟು ಬೆರಳು ಬಿಡಬೇಕು ಅಂತ ಅವನೇ ಹೇಳ್ತಾನೆ."