ಎಡಗಣ್ಣಿನ ತಾರೀಖು

"ಮುಂದಿನ ವಾರ ಬನ್ನಿ" ಎಂದು ಹೇಳುವುದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ರಾಗವಿದೆ. ಹೇಳುವವರು ತಲೆ ಎತ್ತುವುದಿಲ್ಲ. 'ವಾರ' ಎನ್ನುವಲ್ಲಿ ಸ್ವಲ್ಪ ಎಳೆಯುತ್ತಾರೆ, 'ಬನ್ನಿ' ಎನ್ನುವಷ್ಟರಲ್ಲಿ ಅವರ ಕಣ್ಣು ನಮ್ಮ ಹಿಂದೆ ನಿಂತವರ ಚೀಟಿಯ ಮೇಲೆ ಹೋಗಿರುತ್ತದೆ. ನಮ್ಮತ್ತೆಯ ಕಣ್ಣಿನ ಪೊರೆ ತೆಗೆಸಲು ಅಲೆದಾಡಿದ ಎರಡು ವರ್ಷದಲ್ಲಿ ಆ ರಾಗ ನನಗೆ ಬಾಯಿಪಾಠವಾಗಿ ಹೋಯಿತು. ಆಸ್ಪತ್ರೆ ಯಾವುದೆಂದು ಹೇಳುವುದಿಲ್ಲ. ಹೇಳಿ ಆಗಬೇಕಾದ್ದೂ ಏನಿಲ್ಲ.

ನಮ್ಮೂರು ಸುಗಟೂರಿನ ಆಚೆ. ಒಂದಿಷ್ಟು ರಾಗಿ, ಒಂದಿಷ್ಟು ಟೊಮೆಟೊ, ಉಳಿದದ್ದೆಲ್ಲ ರೇಷ್ಮೆ ಸೊಪ್ಪು. ಮನೆಯ ಪಕ್ಕದಲ್ಲೇ ಹುಳು ಸಾಕುವ ಉದ್ದನೆಯ ಕೋಣೆ. ಅದನ್ನು ನಾವು ಹುಳದ ಮನೆ ಎನ್ನುತ್ತೇವೆ. ಆ ಹುಳದ ಮನೆಗೆ ನಮ್ಮತ್ತೆಯೇ ಯಜಮಾನಿ.

ಹುಳು ಸೊಪ್ಪು ತಿನ್ನುವುದನ್ನು ನಿಲ್ಲಿಸಿ ಗೂಡು ಕಟ್ಟಲು ತಯಾರಾದರೆ, ಹಣ್ಣಾಯಿತು ಎನ್ನುತ್ತೇವೆ. ಮೈ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿ, ತಲೆ ಮೇಲೆತ್ತಿ ಅತ್ತಿತ್ತ ಹುಡುಕಾಡುತ್ತದೆ. ಅಂಥವನ್ನು ಒಂದೊಂದಾಗಿ ಆರಿಸಿ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ಅವಸರ ಮಾಡಿ ಕಾಯಿ ಹುಳು ಬಿಟ್ಟರೆ ಗೂಡು ಕೆಡುತ್ತದೆ, ತಡ ಮಾಡಿದರೆ ನೂಲೆಲ್ಲ ಸೊಪ್ಪಿನ ಕಡ್ಡಿಯ ಮೇಲೇ ಹಾಳು. ಆ ದಿನ ಮನೆಯಲ್ಲಿ ಸಾವಾದರೂ ಸ್ವಲ್ಪ ತಡಿ ಎನ್ನುವ ಜನ ನಾವು. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ ನನ್ನ ಕೈಯಿಂದ ಹುಳು ಕಿತ್ತುಕೊಂಡು, "ಇದು ಹಣ್ಣೇನೇ? ಕಣ್ಣಲ್ಲಿ ಏನ್ ಇಟ್ಕೊಂಡಿದೀಯ?" ಎಂದು ಎಲ್ಲರ ಮುಂದೆ ಮಾನ ತೆಗೆದಿದ್ದರು. ಅದೇ ಅತ್ತೆ ಒಂದು ಬೆಳೆಯಲ್ಲಿ ಚಂದ್ರಿಕೆಯ ತುಂಬ ಕಾಯಿ ಹುಳು ಬಿಟ್ಟರು. ಅವರಿಗೆ ಗೊತ್ತಾಗದ ಹಾಗೆ ನಾನು ಹಿಂದಿನಿಂದ ಒಂದೊಂದೇ ಆರಿಸಿ ತೆಗೆದೆ. ಅವತ್ತೇ ನನಗೆ ತಿಳಿದದ್ದು, ಅವರ ಕಣ್ಣು ಹೋಗುತ್ತಿದೆ ಎಂದು.

ಆಸ್ಪತ್ರೆಯಲ್ಲಿ ನೋಡಿ, ಎರಡೂ ಕಣ್ಣಲ್ಲಿ ಪೊರೆ ಬಂದಿದೆ ಎಂದರು. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. "ಸಣ್ಣ ಆಪರೇಷನ್ನು. ಆದ್ರೆ ತಡ ಮಾಡ್ಬೇಡಿ. ಪೊರೆ ತೀರಾ ಬಲಿತ್ರೆ ಒಳಗಡೆ ಒತ್ತಡ ಏರಿ ಕಣ್ಣೇ ಹೋಗ್ಬಿಡುತ್ತೆ" ಎಂದು ಎಚ್ಚರಿಸಿದರು. ತಡ ಮಾಡಬೇಡಿ ಎಂದವರೇ ತಡ ಮಾಡಲು ಶುರು ಮಾಡಿದರು. ಹೋದ ದಿನ ಡಾಕ್ಟರು ಯಾವುದೋ ಕ್ಯಾಂಪಿಗೆ ಹೋಗಿರುತ್ತಿದ್ದರು. ಡಾಕ್ಟರು ಇದ್ದ ದಿನ ಕಣ್ಣಿಗೆ ಹಾಕುವ ಲೆನ್ಸ್ ಬಂದಿರುತ್ತಿರಲಿಲ್ಲ. ಎರಡೂ ಇದ್ದ ದಿನ ಅತ್ತೆಯ ಬಿಪಿ ಏರಿತ್ತು. ಏರದೆ ಏನು ಮಾಡುತ್ತದೆ? ಬೆಳಗಿನ ಮೊದಲ ಬಸ್ಸಿನಲ್ಲಿ ನಿಂತುಕೊಂಡು ಬಂದ ಮುದುಕಿ.

ಒಂದು ಸಲವಂತೂ ರೆಪ್ಪೆಯ ಕೂದಲು ಕತ್ತರಿಸಿ, ಕಣ್ಣಿಗೆ ಔಷಧಿ ಬಿಟ್ಟು, ಯಾವ ಕಣ್ಣೆಂದು ಗುರುತಿಗೆ ಹುಬ್ಬಿನ ಮೇಲೆ ಪ್ಲಾಸ್ಟರ್ ಅಂಟಿಸಿ ಬೆಂಚಿನ ಮೇಲೆ ಕೂರಿಸಿದರು. ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬರು ಬಂದು, ಇವತ್ತು ಆಗಲ್ಲ, ಮುಂದಿನ ವಾರ ಬನ್ನಿ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. "ಕುರಿ ತುಪ್ಪಟ ಕತ್ತರಿಸಿದ ಹಾಗೆ ಕತ್ತರಿಸಿ ಕಳಿಸ್ತೀರಲ್ಲ, ಇವರೇನು ಮನುಷ್ಯರಲ್ವಾ?" ಎಂದು ಕೂಗಾಡಿದೆ. ಶ್ರೀನಿವಾಸಪುರದ ಕಡೆಯವರು, ಮಾಲೂರಿನವರು, ಎಲ್ಲರೂ ತಿರುಗಿ ನೋಡಿದರು. ಪಕ್ಕದಲ್ಲಿ ಕೂತಿದ್ದ ಮುಳಬಾಗಿಲಿನ ಅಜ್ಜ ಬೀಡಿಗೆ ಕಪ್ಪಾದ ಹಲ್ಲು ಬಿಟ್ಟು, ತೆಲುಗಿನಲ್ಲಿ "ಡಾಕ್ಟರು ಲೇಡಂಟಮ್ಮಾ. ಅರಿಸ್ತೇ ವಸ್ತಾಡಾ?" ಎಂದ. ಡಾಕ್ಟರೇ ಇಲ್ಲವಂತೆ, ಕೂಗಿದರೆ ಬರುತ್ತಾನಾ ಎಂದು ಅವನ ಮಾತು. ಬೆಂಚಿಗೆ ಬೆಂಚೇ ನಕ್ಕಿತು.

ನಮ್ಮತ್ತೆ ಮಾತ್ರ ಕೈ ಮುಗಿದು "ಸರಿ ಸ್ವಾಮಿ" ಎಂದು ಎದ್ದುಬಿಟ್ಟರು. ಪ್ರತಿ ಸಲವೂ ಅಷ್ಟೇ. ಹುಳದ ಮನೆಯಲ್ಲಿ ಹುಲಿಯ ಹಾಗಿದ್ದ ಹೆಂಗಸು ಆಸ್ಪತ್ರೆಯ ಕಿಟಕಿಯ ಮುಂದೆ ಯಾಕೆ ಹೀಗೆ ಮುದುಡಿಕೊಳ್ಳುತ್ತಾರೆ ಎಂದು ನನಗೆ ಅವರ ಮೇಲೂ ಸಿಟ್ಟು ಬರುತ್ತಿತ್ತು. ಹುಬ್ಬಿನ ಮೇಲಿನ ಪ್ಲಾಸ್ಟರ್ ಹಾಗೇ ಇಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಬಂದರು. ಮುಂದಿನ ತಾರೀಖು ಬರುವಷ್ಟರಲ್ಲಿ ರೆಪ್ಪೆಯ ಕೂದಲು ಮತ್ತೆ ಬೆಳೆದಿತ್ತು.

ಆ ತಾರೀಖು ತಪ್ಪಿದ್ದು ನಮ್ಮಿಂದ. ಡಾಕ್ಟರೂ ಇದ್ದರಂತೆ, ಲೆನ್ಸೂ ಇತ್ತಂತೆ. ಬಿಸಿಲಿನ ಝಳಕ್ಕೆ ನಮ್ಮ ಹುಳು ಲೆಕ್ಕಕ್ಕಿಂತ ಮುಂಚೆಯೇ ಹಣ್ಣಾಗಿಬಿಟ್ಟವು. ಫೋನು ಮಾಡಿ, "ಹುಳು ಹಣ್ಣಾಗಿವೆ, ಬರಕ್ಕಾಗಲ್ಲ" ಎಂದೆ. "ಹುಳ ಮುಖ್ಯಾನೋ ಕಣ್ಣು ಮುಖ್ಯಾನೋ ನಿಮ್ಗೆ?" ಎಂದು ಆಸ್ಪತ್ರೆಯಲ್ಲಿ ಫೋನೆತ್ತಿದ ಹುಡುಗಿ ಗದರಿದಳು. ನಮ್ಮ ಸರದಿ ಮತ್ತೆ ಹಿಂದಕ್ಕೆ ಹೋಯಿತು. ತಿಂಗಳುಗಳು ಕಳೆದವು. ಅತ್ತೆಗೆ ಬಾಗಿಲು ಯಾವುದು, ಗೋಡೆ ಯಾವುದು ಎಂದು ಕೈ ಆಡಿಸಿ ನೋಡಬೇಕಾದ ಸ್ಥಿತಿ ಬಂತು.

ಅವಳು ಬಂದದ್ದು ಆ ದಿನಗಳಲ್ಲಿ.

ಒಂದು ಮಧ್ಯಾಹ್ನ ಹುಳುವಿಗೆ ಸೊಪ್ಪು ಹಾಕುತ್ತಿದ್ದೆವು. ಅತ್ತೆ ಇದ್ದಕ್ಕಿದ್ದಂತೆ ಕೂಗಿದರು. "ಲೇ ಅಮ್ಮಣ್ಣಿ, ಯಾರೇ ಅವಳು? ಕಾಲು ತೊಳೀದೆ ಒಳಕ್ಕೆ ಬಂದು ಕೂತವ್ಳಲ್ಲ!"

ನಮ್ಮ ಹುಳದ ಮನೆಗೆ ಹೊರಗಿನವರು ಬರುವಂತಿಲ್ಲ. ಮನೆಯವರಾದರೂ ಹೊಸ್ತಿಲ ಬಳಿ ಬ್ಲೀಚಿಂಗ್ ಪುಡಿಯ ನೀರಲ್ಲಿ ಕಾಲು ಅದ್ದಿಯೇ ಬರಬೇಕು, ಇಲ್ಲದಿದ್ದರೆ ಹುಳುವಿಗೆ ರೋಗ. ರೇಷ್ಮೆ ಇಲಾಖೆಯ ಸಾಹೇಬರ ಕೈಲೂ ಬೂಟು ಬಿಚ್ಚಿಸಿದವರು ಅತ್ತೆ. ನಾನು ತಿರುಗಿ ನೋಡಿದೆ. ಮೂಲೆಯಲ್ಲಿ ಸೊಪ್ಪಿನ ಬುಟ್ಟಿ ಬಿಟ್ಟರೆ ಏನೂ ಇರಲಿಲ್ಲ.

"ಯಾರೂ ಇಲ್ಲವಲ್ಲ ಅತ್ತೆ."

"ನನಗೇ ಕಾಣಿಸ್ತಾವ್ಳೆ, ನಿನಗೆ ಕಾಣಲ್ವಾ? ಹಸ್ರು ಲಂಗ. ಎರಡು ಜಡೆ. ಲಂಗದಂಚಿಗೆ ಹಳದಿ ಪಟ್ಟಿ."

ಕೈಯಲ್ಲಿರುವ ಹುಳುವಿನ ಬಣ್ಣ ಕಾಣದ ಹೆಂಗಸು ಅಷ್ಟು ದೂರದ ಲಂಗದ ಅಂಚು ಹೇಳುತ್ತಿದ್ದರು.

ಆಮೇಲೆ ಅವಳು ಹೆಚ್ಚುಕಮ್ಮಿ ದಿನಾ ಬಂದಳು. ಮಾತಿಲ್ಲ, ಕತೆಯಿಲ್ಲ, ಗೋಡೆಯ ಕಡೆ ಮುಖ ಮಾಡಿ ಕೂರುವುದು. ಅತ್ತೆ ಮೊದಮೊದಲು ಗದರಿದರು. ಬರಬರುತ್ತ ಬುಟ್ಟಿ ಸರಿಸಿ ಜಾಗ ಮಾಡಿಕೊಟ್ಟರು. ಕಡೆಗೆ ಅಲ್ಲಿ ದನಿ ತಗ್ಗಿಸಿ ಮಾತಾಡತೊಡಗಿದರು. ನನ್ನ ಗಂಡ, "ಗಾಳಿ ಸೋಕಿರ್ಬೇಕು, ಯಾರ ಹತ್ರಾನಾದ್ರೂ ದಾರ ಕಟ್ಟಿಸೋಣ" ಎಂದು ಹೊರಗಿನಿಂದಲೇ ಸೊಪ್ಪು ಎಸೆದು ಹೋಗುತ್ತಿದ್ದರು. ಗಂಡಸರ ಧೈರ್ಯ! ನಾನು ಅವರನ್ನು ಆಡಿಕೊಂಡು ನಕ್ಕೆ. ಆದರೆ ಕಸ ಗುಡಿಸುವಾಗ ಆ ಮೂಲೆಗೆ ನನ್ನ ಪೊರಕೆ ಹೋಗುತ್ತಿರಲಿಲ್ಲ. ಒಬ್ಬರು ಕೂರುವಷ್ಟು ಜಾಗ ಬಿಟ್ಟು ಸುತ್ತ ಗುಡಿಸಿ ಬರುತ್ತಿದ್ದೆ. ಬೆನ್ನು ಅತ್ತ ಮಾಡಿ ನಿಲ್ಲಲು ಭಯವಾಗುತ್ತಿತ್ತು.

ಅಷ್ಟರಲ್ಲಿ ಆಸ್ಪತ್ರೆಗೆ ಹೊಸದಾಗಿ ಒಬ್ಬ ಡಾಕ್ಟರಮ್ಮ ಬಂದರು. ಚಿಕ್ಕ ವಯಸ್ಸು. ತಲೆ ಎತ್ತಿ ಮಾತಾಡುತ್ತಿದ್ದರು, ಅದೇ ದೊಡ್ಡ ಆಶ್ಚರ್ಯ. ನಾನು ನಾಚಿಕೊಂಡೇ ಅವರಿಗೆ ಹಸಿರು ಲಂಗದ ವಿಷಯ ಹೇಳಿದೆ. ಅವರು ನಗಲಿಲ್ಲ.

"ಕಣ್ಣು ತುಂಬ ಮಂಜಾದಾಗ ಕೆಲವರಿಗೆ ಹೀಗಾಗುತ್ತೆ. ಕಣ್ಣು ಏನೂ ತೋರಿಸ್ದೆ ಇದ್ದಾಗ ಮೆದುಳು ತಾನೇ ಚಿತ್ರ ಬರ್ಕೊಳ್ಳುತ್ತೆ. ಹುಚ್ಚಲ್ಲ, ದೆವ್ವಾನೂ ಅಲ್ಲ. ಆಪರೇಷನ್ ಆದ್ರೆ ಹೋಗ್ಬಿಡುತ್ತೆ ಅಜ್ಜಿ."

ನನಗೆ ಹೋದ ಜೀವ ಬಂದಂತಾಯಿತು. ಅತ್ತೆ ಮಾತ್ರ ಕೇಳಿದರು, "ಹೋಗ್ಬಿಡ್ತಾಳಾ?"

"ಹೋಗುತ್ತೆ."

"ತಿರ್ಗಾ ಬರಲ್ವಾ?"

"ಬರಲ್ಲ, ಹೆದರ್ಬೇಡಿ" ಎಂದು ಡಾಕ್ಟರಮ್ಮ ಅವರ ಕೈ ತಟ್ಟಿದರು.

ಮನೆಯಲ್ಲಿ ನನ್ನ ಗಂಡನಿಗಿಂತ ಮೊದಲು ಒಂದು ಹೆಣ್ಣುಮಗು ಇತ್ತು, ಆಡುವ ವಯಸ್ಸಿಗೇ ತೀರಿಕೊಂಡಿತು ಎಂದಷ್ಟೇ ನನಗೆ ಗೊತ್ತಿತ್ತು. ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಅವತ್ತು ಊರಿಗೆ ಬರುವ ಬಸ್ಸಿನಲ್ಲಿ ಅತ್ತೆ ತಾವೇ ಎತ್ತಿದರು.

"ಜ್ವರ ಬಂದಿತ್ತು ಕಣೇ. ಎತ್ಕೊಂಡು ಆಸ್ಪತ್ರೆಗೆ ಹೋದ್ವಿ. ಡಾಕ್ಟ್ರು ಇಲ್ಲ, ನಾಳೆ ಬನ್ನಿ ಅಂದ್ರು. ಸರಿ ಸ್ವಾಮಿ ಅಂದು ಎತ್ಕೊಂಡು ವಾಪಸ್ ಬಂದೆ. ಬೆಳಗಾಗೋ ಅಷ್ಟ್ರಲ್ಲಿ ಮುಗ್ದೋಯ್ತು."

"ಮೂಲೇಲಿ ಕೂರೋದು ಅವಳೇನಾ ಅತ್ತೆ?" ಎಂದೆ.

"ಮುಖ ಕಾಣಲ್ಲ. ಆ ಕಡೆ ತಿರುಕ್ಕೊಂಡೇ ಕೂತಿರ್ತಾಳೆ. ಇನ್ಯಾರು ಬರ್ತಾರೆ ಹೇಳು ನನ್ನ ಹುಳದ ಮನೆಗೆ? ಒಂದು ಫೋಟೋನೂ ತೆಗ್ಸಿರ್ಲಿಲ್ಲ. ಅವಳ ಮುಖ ಹೆಂಗಿತ್ತು ಅನ್ನೋದೇ ಮರ್ತೋಗಿದೆ ನಂಗೆ. ಒಂದು ಸಲ ಈ ಕಡೆ ತಿರುಗಿದ್ರೆ ಸಾಕು."

ಸ್ವಲ್ಪ ದಿನಕ್ಕೇ ಬಲಗಣ್ಣಿನ ತಾರೀಖು ಬಂತು. ಅತ್ತೆ ಬರುವುದಿಲ್ಲವೆಂದು ಹಟ ಹಿಡಿದರು. ತಲೆನೋವು ಎಂದರು, ಹೊಟ್ಟೆನೋವು ಎಂದರು. ಇಷ್ಟು ಅಲೆದು, ಇಷ್ಟು ಜಗಳವಾಡಿ ಸಿಕ್ಕ ತಾರೀಖು ನನಗೆ. ಬಿಡುತ್ತೇನೆಯೇ? "ಕಣ್ಣೇ ಹೋದ್ಮೇಲೆ ಯಾರ್ನ ನೋಡ್ತೀರ ನೀವು?" ಎಂದು ರೇಗಿ, ಕೈ ಹಿಡಿದು ಎಳೆದುಕೊಂಡೇ ಹೋದೆ. ಅವತ್ತು ಯಾರೂ ಮುಂದಿನ ವಾರ ಬನ್ನಿ ಎನ್ನಲಿಲ್ಲ. ಸಲೀಸಾಗಿ ಆಗಿಹೋಯಿತು.

ಮರುದಿನ ಪಟ್ಟಿ ಬಿಚ್ಚಿದರು. ಅತ್ತೆ ಕಣ್ಣು ಪಿಳುಕಿಸಿ ನನ್ನ ಮುಖ ನೋಡಿ, "ಅಯ್ಯೋ, ನಿನ್ನ ತಲೆ ಯಾವಾಗೇ ಇಷ್ಟು ನರೀತು?" ಎಂದರು. ವಾರ್ಡಿಗೆ ವಾರ್ಡೇ ನಕ್ಕಿತು, ನಾನೂ ನಕ್ಕೆ, ನಗುತ್ತ ಅತ್ತೂಬಿಟ್ಟೆ. ಆದರೆ ಮನೆಗೆ ಬಂದವರು ಅಡುಗೆಮನೆಗೂ ಹೋಗದೆ, ನೆಟ್ಟಗೆ ಹುಳದ ಮನೆಯ ಹೊಸ್ತಿಲಲ್ಲಿ ಕಾಲು ಅದ್ದಿ ಒಳಗೆ ಹೋಗಿ ನಿಂತರು. ಮೂಲೆಯನ್ನು ನೋಡಿದರು. ಒಣಗಿದ ಸೊಪ್ಪು, ಕಡ್ಡಿ, ಜೇಡರ ಬಲೆ. ಸುತ್ತ ಎಲ್ಲ ಚೊಕ್ಕಟ, ಅಲ್ಲಿ ಮಾತ್ರ ಕಸ.

"ಈ ಮೂಲೆ ಯಾಕೆ ಗುಡಿಸಿಲ್ಲ ನೀನು?" ಎಂದು ಕೇಳಿದರು. ಅವರೇ ಪೊರಕೆ ತಗೊಂಡು ಗುಡಿಸಿದರು.

ಆಮೇಲಿನ ಬೆಳೆಯಲ್ಲಿ ಅತ್ತೆ ಮತ್ತೆ ಹಳೆಯ ಅತ್ತೆಯಾದರು. ಹಣ್ಣು ಹುಳು ಆರಿಸುವುದೇನು, ನನ್ನನ್ನು ಬೈಯುವುದೇನು! ಬೈಸಿಕೊಳ್ಳುವುದರಲ್ಲೂ ಅಷ್ಟು ಸಂತೋಷವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಒಂದು ಮಧ್ಯಾಹ್ನ ಸೊಪ್ಪು ಹೊತ್ತು ತಂದಾಗ ನೋಡಿದೆ. ಅತ್ತೆ ಹುಳದ ಮನೆಯ ಬಾಗಿಲಲ್ಲಿ ಕೂತು, ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಿದ್ದರು. ಪೊರೆ ತುಂಬಿದ ಎಡಗಣ್ಣು ಬಿಟ್ಟುಕೊಂಡು ಮೂಲೆಯ ಕಡೆ ಮುಖ ಮಾಡಿದ್ದರು.

"ಕಣ್ಣು ನೋಯ್ತಿದ್ಯಾ ಅತ್ತೆ?"

"ಧೂಳು ಬಿತ್ತು" ಎಂದರು.

ಮಾರನೆಯ ದಿನವೂ, ಅದರ ಮಾರನೆಯ ದಿನವೂ ಅದೇ ಹೊತ್ತಿಗೆ ಹಾಗೇ ಕೂತಿದ್ದರು. ದಿನಾ ಬೀಳುತ್ತದೆಯೇ ಧೂಳು? ನಾನು ಮೂಲೆಯಲ್ಲಿಟ್ಟಿದ್ದ ಬುಟ್ಟಿಯನ್ನು ತೆಗೆದು ಆಚೆ ಇಟ್ಟೆ. ಮತ್ತೊಂದು ದಿನ ನಾನು ಪಕ್ಕದಲ್ಲಿ ಹಾದುಹೋಗುವಾಗ, ಅಂಗೈ ತೆಗೆಯದೆ, ನನ್ನ ಕಡೆ ತಿರುಗದೆ ಅತ್ತೆ ಹೇಳಿದರು. "ಇವತ್ತು ಒಂಚೂರು ತಿರುಗಿದ್ಲು ಕಣೇ. ಕೆನ್ನೆ ಕಾಣಿಸ್ತು."

ಹೋದ ವಾರ ಆಸ್ಪತ್ರೆಯಿಂದ ಫೋನು ಬಂತು. ಅದೇ ಹುಡುಗಿ. ನಿಮ್ಮತ್ತೆಯದು ಎಡಗಣ್ಣಿನ ಸರದಿ, ಸೋಮವಾರ ಬೆಳಿಗ್ಗೆ ಕರ್ಕೊಂಡು ಬನ್ನಿ, ಡಾಕ್ಟರ್ ಇದ್ದಾರೆ, ಲೆನ್ಸ್ ಬಂದಿದೆ, ತಪ್ಪಿಸ್ಬೇಡಿ ಎಂದಳು. ಎರಡು ವರ್ಷ ಇಂಥದೊಂದು ಫೋನಿಗಾಗಿ ನಾನು ಬಾಯಿ ಬಾಯಿ ಬಿಟ್ಟಿದ್ದೆ. ಪೊರೆ ತೀರಾ ಬಲಿತರೆ ಕಣ್ಣೇ ಹೋಗುತ್ತದೆ ಎಂದ ಮಾತು ಕಿವಿಯಲ್ಲೇ ಇತ್ತು. ಅಂಗಳದಲ್ಲಿ ನಿಂತುಕೊಂಡೇ ಹುಳದ ಮನೆಯ ಕಡೆ ನೋಡಿದೆ. ಒಳಗೆ ಒಂದು ಹುಳುವೂ ಇರಲಿಲ್ಲ. ಗೂಡು ಮಾರುಕಟ್ಟೆಗೆ ಹೋಗಿ, ಕೋಣೆ ತೊಳೆದು, ನೆಲಕ್ಕೆ ಸುಣ್ಣ ಎರಚಿ, ಚಂದ್ರಿಕೆಗಳನ್ನೆಲ್ಲ ಬಿಸಿಲಿಗೆ ಒಣಹಾಕಿದ್ದೆವು. ಬಾಗಿಲಲ್ಲಿ ಅತ್ತೆ, ಬಲಗಣ್ಣಿನ ಮೇಲೆ ಅಂಗೈ.

"ಹಲೋ? ಬರ್ತೀರಲ್ವಾ?" ಎಂದಳು ಹುಡುಗಿ.

"ಹುಳು ಹಣ್ಣಾಗಿವೆ ಕಣಮ್ಮ, ಬರಕ್ಕಾಗಲ್ಲ" ಎಂದೆ. "ಮುಂದಿನ ವಾರ ಬರ್ತೀವಿ."

ಅತ್ತೆ ಅಂಗೈ ತೆಗೆಯಲಿಲ್ಲ. ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿ, "ಶ್, ಮೆಲ್ಲಗೆ ಮಾತಾಡೇ" ಎಂದರು.