ನಾಲ್ಕು ಗುರು, ಎರಡು ಲಘು

ಮಧ್ಯಾಹ್ನದ ಚಹಾದ ಕಪ್ಪುಗಳನ್ನು ಟ್ರಾಲಿಗೆ ಸೇರಿಸಿ ಸಂಧ್ಯಾರಾಣಿ ಕೈ ಒರೆಸಿಕೊಂಡರು, ಜೇಬಿನಿಂದ ಪತ್ರ ತೆಗೆದರು. ಎದುರಿಗೆ ಎಂಬತ್ತಾರರ ನಾರ್ವೆಯ ಅಜ್ಜಿ ಸೋಲ್ವೈಗ್ ಆಗಲೇ ಕಿವಿಗೊಟ್ಟು ಕೂತಿದ್ದರು.

ಧಾರವಾಡದ ಸಂಧ್ಯಾರಾಣಿ ಮೆಲ್ಬರ್ನಿಗೆ ಓದಲು ಬಂದವರು. ಅಲ್ಲೇ ನೆಲೆಸಲು ಪಿಆರ್ ಸಿಕ್ಕ ಮೇಲೆ ಹೊರವಲಯದ ಡ್ಯಾಂಡೆನಾಂಗ್‌ನ ಈ ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಿದರು. ಇದು ೨೦೦೮ರ ಮಾತು. ಸೋಲ್ವೈಗ್ ಅವರ ಕಣ್ಣು ಆ ವರ್ಷ ಓದಲಾಗದಷ್ಟು ಮಂಜಾಗಿತ್ತು. ನಾರ್ವೆಯಿಂದ ತಂಗಿ ಬರೆಯುವ ಪತ್ರಗಳು ಸಿಡ್ನಿಯ ಮಗನ ಮನೆಗೆ ಬಂದು ಇಲ್ಲಿಗೆ ತಲುಪುತ್ತಿದ್ದವು. ಮಗನಿಗೆ ನಾರ್ವೇಜಿಯನ್ ಓದಲು ಬಾರದು. ಸಂಧ್ಯಾರಾಣಿಗೂ ಬಾರದು, ಆದರೆ ಓದುತ್ತೇನೆ ಎಂದು ಒಪ್ಪಿಕೊಂಡಿದ್ದರು. ಯಾವ ಅಕ್ಷರಕ್ಕೆ ಯಾವ ಸದ್ದು ಎಂಬುದನ್ನು ಸೋಲ್ವೈಗ್ ಅವರೇ ಚಳಿಗಾಲವಿಡೀ ಕಲಿಸಿದ್ದರು.

ಓದುವಾಗ ಸಣ್ಣ ಪದಗಳು ಸಲೀಸಾಗಿ ದಾಟುತ್ತಿದ್ದವು. ಉದ್ದನೆಯವು ಮಾತ್ರ ಸೋಲ್ವೈಗ್ ಅವರಿಗೆ ತಿಳಿಯುತ್ತಿರಲಿಲ್ಲ. ಒಂದೊಂದೇ ಅಕ್ಷರ ಹೇಳಿದರೆ ಅರ್ಥವಾಗುತ್ತಿತ್ತು. ಆದರೆ ತಂಗಿಯ ಮಾತು ಕೇಳಿದ ಹಾಗಾಗುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಅದೊಂದೇ.

ಈ ಪತ್ರದಲ್ಲಿ ನಾರ್ವೇಜಿಯನ್ ಲಿಪಿಯಲ್ಲಿ ಹದಿನಾರು ಅಕ್ಷರದ ಪದವೊಂದಿತ್ತು: ತ್ಯುತ್ತೆಬ್ಯಾರ್‌ಸ್ಯುಲ್ತೆತೊಯ್. ಸಂಧ್ಯಾರಾಣಿ ಅದನ್ನು ಕನ್ನಡದಲ್ಲಿ ಬರೆದುಕೊಂಡು, ಹೈಸ್ಕೂಲಿನಲ್ಲಿ ಪಂಚಾಕ್ಷರಯ್ಯ ಮಾಸ್ತರರು ಕಲಿಸಿದಂತೆ ಪ್ರಸ್ತಾರ ಹಾಕಿದ್ದರು. 'ಬ್ಯಾ'ವನ್ನು ಒತ್ತಕ್ಷರವೆಂದು ಎಣಿಸದಿದ್ದರೆ ನಾಲ್ಕು ಗುರು, ಎರಡು ಲಘು. ನಾಲ್ಕೂ ಗುರುವಿನ ಮೇಲೆ ಸಮನಾಗಿ ಭಾರ ಬಿಟ್ಟು ಓದಿದರು.

"ಸ್ಯಾಂಡಿ, ನಾಲ್ಕು ಕಡೆ ಮೊಳೆ ಹೊಡೀತಿದ್ದೀಯ," ಎಂದರು ಸೋಲ್ವೈಗ್ ಇಂಗ್ಲಿಷಿನಲ್ಲಿ. ಸಂಧ್ಯಾರಾಣಿ ಅವರ ಬಾಯಲ್ಲಿ ಸ್ಯಾಂಡಿ. "ಒಂದು ಕಡೆ ಹೊಡಿ. ಇನ್ನೊಂದು ಕಡೆ ಸುಮ್ನೆ ಮುಟ್ಟು."

ಅವರು ಸಂಧ್ಯಾರಾಣಿಯ ಮಣಿಕಟ್ಟು ಹಿಡಿದರು. 'ತ್ಯುತ್' ಬಂದಾಗ ಬಲವಾಗಿ ಒತ್ತಿದರು, 'ಸ್ಯುಲ್' ಬಂದಾಗ ಹಗುರಾಗಿ. ಪದದ ಮೊದಲರ್ಧ ಕಾಡಿನ ಒಂದು ಕೆಂಪು ಹಣ್ಣು, ಉಳಿದರ್ಧ ಜಾಮ್. ಭಾರವೆಲ್ಲ ಹಣ್ಣಿನ ತಲೆಯ ಮೇಲೆ.

ಆ ವಾರ ಸಂಧ್ಯಾರಾಣಿ ತಮ್ಮ ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಅದೇ ಲಯ: ಒಂದು ಜೋರು ಏಟು, ಎರಡು ಸಣ್ಣವು, ಒಂದು ನಡುತರದ್ದು, ಮತ್ತೆರಡು ಸಣ್ಣವು.

"ಏನ್ ಮಂತ್ರ ಹಾಕಾಕತ್ತೀ ರೊಟ್ಟಿಗೆ?" ಎಂದರು ಗಂಡ ಸಂಕೇತ. "ಒಂದ್ ಬದಿ ದಪ್ಪ ಆಗ್ಯಾವು ನೋಡು."

"ದಪ್ಪ ಇದ್ದದ್ದು ನೀವ್ ತಿನ್ರಿ. ನನಗ ಗುರುವಾರ ಪರೀಕ್ಷಾ ಐತಿ."

ಗುರುವಾರ ಅವರು ಪತ್ರವನ್ನು ಮೊದಲಿಂದ ಓದಿದರು. ಆ ಪದ ಬಂತು, ಹೋಯಿತು. ಸೋಲ್ವೈಗ್ ತಡೆಯಲಿಲ್ಲ. ಎರಡು ಸಾಲು ಕಳೆದ ಮೇಲೆ ಅವರ ಭುಜ ಕುಲುಕತೊಡಗಿತು, ಆಮೇಲೆ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಏನಂತೆ?" ಎಂದು ಕೇಳಿದರು ಸಂಧ್ಯಾರಾಣಿ. ಓದಿದ್ದರ ಅರ್ಥ ಅವರಿಗೇ ಗೊತ್ತಿರಲಿಲ್ಲ.

"ನೆಲಮಾಳಿಗೆಯ ಜಾಮ್ ಕದ್ದು ತಿಂದವಳು ನಾನು ಅಂತ ಅಪ್ಪ ಒಂದು ವಾರ ಮಾತು ಬಿಟ್ಟಿದ್ದ. ತಿಂದದ್ದು ಇವಳಂತೆ. ಎಪ್ಪತ್ತೈದು ವರ್ಷ ಆದ ಮೇಲೆ ಹೇಳ್ತಿದ್ದಾಳೆ, ಕಳ್ಳಿ."

ಉತ್ತರವನ್ನು ಸೋಲ್ವೈಗ್ ಮುಂದಿನ ಗುರುವಾರ ಒಂದೊಂದೇ ಅಕ್ಷರ ಹೇಳಿ ಬರೆಸಲಿದ್ದರು. ಅಂದು ಸಂಧ್ಯಾರಾಣಿಗೆ ರಜೆ. ಆದರೂ ಹತ್ತು ಗಂಟೆಗೆ ಬರುತ್ತೇನೆ ಎಂದು ಅವರೇ ಹೇಳಿದ್ದರು.